ಮಳೆಗಾಲದ ದ್ವೀಪ ಪ್ಯಾಕೇಜ್: ಹೋಟೆಲ್ ಆಮೇಲೆ, ಮೊದಲು ದೋಣಿ ಕೇಳ್ರಿ

ಜೂನ್ ಹತ್ತಿರ ಬಂತೆಂದರೆ ಹುಬ್ಬಳ್ಳಿ-ಧಾರವಾಡದ ವಾಟ್ಸಾಪ್ ಗುಂಪುಗಳಲ್ಲಿ ಒಂದೇ ನಮೂನೆಯ ಪೋಸ್ಟರ್ ಓಡಾಡುತ್ತದೆ. ನೀಲಿ ಸಮುದ್ರ, ಬಿಳಿ ಮರಳು, ಕೆಳಗೆ ದಪ್ಪ ಅಕ್ಷರದಲ್ಲಿ "ಅಂಡಮಾನ್ 5 ರಾತ್ರಿ 6 ದಿನ, ಆಫ್ ಸೀಸನ್ ಆಫರ್". ಫೋಟೊ ಫೆಬ್ರುವರಿಯದು, ಪ್ರಯಾಣ ಜುಲೈಯದು. ಇಂಥ ಪ್ಯಾಕೇಜ್ ನಂಬಿ ಹೋದ ನಮ್ಮ ಕಡೆಯ ಒಂದು ಕುಟುಂಬಕ್ಕೆ ಏನಾಯಿತು ಎಂಬುದನ್ನು ಓದಿ, ಆಮೇಲೆ ಅಡ್ವಾನ್ಸ್ ಕೊಡಿ. ಏಜೆಂಟರ ಹೆಸರು ಬೇಡ. ಇದೇ ಪ್ಲ್ಯಾನನ್ನು ಮಾರುವವರು ಬೇಕಾದಷ್ಟು ಜನ ಇದ್ದಾರೆ.

ಗಂಡ-ಹೆಂಡತಿ, ಇಬ್ಬರು ಮಕ್ಕಳು, ಒಬ್ಬ ಅಜ್ಜಿ. ಮೊದಲ ಎರಡು ರಾತ್ರಿ ಪೋರ್ಟ್ ಬ್ಲೇರ್, ಮುಂದಿನ ಎರಡು ರಾತ್ರಿ ಹ್ಯಾವ್ಲಾಕ್, ಕೊನೆಯ ರಾತ್ರಿ ನೀಲ್ ದ್ವೀಪ. ಆರನೇ ದಿನ ಬೆಳಿಗ್ಗೆ ನೀಲ್‌ನಿಂದ ಫೆರಿ ಹತ್ತಿ ಪೋರ್ಟ್ ಬ್ಲೇರ್‌ಗೆ ಬಂದು, ಸೀದಾ ವಿಮಾನ. ಕಾಗದದ ಮೇಲೆ ಚೆಂದ. ಐದನೇ ದಿನ ಗಾಳಿ ಎದ್ದು ನೀಲ್‌ಗೆ ಹೋಗುವ ಫೆರಿ ರದ್ದಾಯಿತು. ಹ್ಯಾವ್ಲಾಕ್‌ನಲ್ಲಿ ಇನ್ನೊಂದು ರಾತ್ರಿ ಉಳಿಯಬೇಕಾಯಿತು, ಅದರ ಬಾಡಿಗೆ ಕೈಯಿಂದ. ನೀಲ್‌ನ ಹೋಟೆಲಿನವರು "ನೋ ಶೋ", ಅಂದರೆ ಗಿರಾಕಿ ಬರಲೇ ಇಲ್ಲ, ಎಂದು ಬರೆದುಕೊಂಡು ಪೂರ್ತಿ ದುಡ್ಡು ಹಿಡಿದುಕೊಂಡರು. ಆರನೇ ದಿನ ಮಧ್ಯಾಹ್ನದ ಮೇಲೆ ಒಂದು ಫೆರಿ ಬಿಟ್ಟರು. ಅದು ದಡ ಮುಟ್ಟುವಷ್ಟರಲ್ಲಿ ವಿಮಾನ ಹೋಗಿಯಾಗಿತ್ತು. ಐದು ಜನರಿಗೆ ಮರುದಿನದ ಹೊಸ ಟಿಕೆಟ್, ಬೆಂಗಳೂರಿನಿಂದ ಹುಬ್ಬಳ್ಳಿಗೆ ಕಾದಿರಿಸಿದ್ದ ರೈಲೂ ಕೈಬಿಟ್ಟಿತು. ತಿರುಗಿ ಬಂದಿದ್ದು ರದ್ದಾದ ಫೆರಿಯ ಹಣ ಮಾತ್ರ. ಏಜೆಂಟರ ಉತ್ತರ: "ಹವಾಮಾನ ನಮ್ಮ ಕೈಯಾಗ ಇಲ್ಲಲ್ರಿ ಸರ." ಹವಾಮಾನ ಅವರ ಕೈಯಲ್ಲಿರಲಿಲ್ಲ, ಒಪ್ಪೋಣ. ಕೊನೆಯ ರಾತ್ರಿಯನ್ನು ಸಣ್ಣ ದ್ವೀಪದಲ್ಲಿ ಇಟ್ಟಿದ್ದು ಮಾತ್ರ ಅವರ ಕೈಯೇ.

ನಮ್ಮ ಕಡೆಯವರು ಹೆಚ್ಚಾಗಿ ತಪ್ಪು ತಿಳಿಯುವುದು ಇಲ್ಲಿ: ಆಫ್ ಸೀಸನ್ ಎಂದರೆ ಮಳೆ, ಮಳೆಗೆ ಕೊಡೆ-ರೇನ್‌ಕೋಟ್ ಇದ್ದರೆ ಸಾಕು ಎಂಬ ಲೆಕ್ಕ. ದೋಣಿ ನಿಲ್ಲಿಸುವುದು ಮಳೆಯಲ್ಲ, ಗಾಳಿ ಮತ್ತು ಅಲೆ. ಮಳೆ ನಿಂತು ಬಿಸಿಲು ಬಿದ್ದ ಮೇಲೂ ಸಮುದ್ರದ ಅಬ್ಬರ ಒಂದೆರಡು ದಿನ ಇಳಿಯದೆ ಇರಬಹುದು. ಬಂದರಿನವರು ಎಚ್ಚರಿಕೆ ಕೊಟ್ಟರೆ ದೋಣಿಯವನು ಬಿಡುತ್ತೇನೆಂದರೂ ಬಿಡುವಂತಿಲ್ಲ. ನೈಋತ್ಯ ಮುಂಗಾರು ಕೇರಳಕ್ಕಿಂತ ಮೊದಲೇ, ಮೇ ಮೂರನೇ-ನಾಲ್ಕನೇ ವಾರದ ಸುಮಾರಿಗೆ ಅಂಡಮಾನ್ ತಲುಪುತ್ತದೆ. ಅದು ಮುಗಿಯಿತು ಅನ್ನುವಷ್ಟರಲ್ಲಿ ಹಿಂಗಾರು, ಜೊತೆಗೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಬಂಗಾಳ ಕೊಲ್ಲಿಯ ಚಂಡಮಾರುತಗಳ ಕಾಲ. ನಂಬಬಹುದಾದ ಒಣ ತಿಂಗಳು ಜನವರಿಯಿಂದ ಏಪ್ರಿಲ್. ದಸರಾ ರಜೆಗೆ ಹೋದರೆ ಪಾರು ಎಂದುಕೊಂಡವರೂ ಇದನ್ನು ನೆನಪಿಡಬೇಕು.

ಆದರೂ ಹೋಗಲೇಬೇಕು ಎನ್ನುವವರು ದಿನಗಳ ಜೋಡಣೆ ಬದಲಿಸಿ. ಮೊದಲ ದಿನ ಪೋರ್ಟ್ ಬ್ಲೇರ್, ಎರಡನೇ ದಿನವೇ ಹ್ಯಾವ್ಲಾಕ್‌ಗೆ ಹೊರಟು ಎರಡು ರಾತ್ರಿ, ನಾಲ್ಕನೇ ದಿನ ವಾಪಸ್. ಸೆಲ್ಯುಲರ್ ಜೈಲು, ಚಿಡಿಯಾ ಟಾಪು, ವಂಡೂರ್ ಎಲ್ಲ ಕೊನೆಯ ಎರಡು ದಿನಕ್ಕೆ. ಇವಕ್ಕೆಲ್ಲ ರಸ್ತೆ ಇದೆ, ಫೆರಿ ಬೇಡ. ಆಗ ಒಂದು ದಿನ ಫೆರಿ ನಿಂತರೂ ವಿಮಾನ ತಪ್ಪುವುದಿಲ್ಲ. ನೀಲ್ ಬಿಟ್ಟುಬಿಡಿ. ಪೋಸ್ಟರಿನಲ್ಲಿ ಜಾಲಿ ಬಾಯ್ ದ್ವೀಪದ ಹವಳ ತೋರಿಸಿದ್ದರೆ ಕೇಳಿ ನೋಡಿ: ಮಳೆಗಾಲದಲ್ಲಿ ಅದನ್ನು ಮುಚ್ಚಿ ಅದರ ಬದಲು ರೆಡ್ ಸ್ಕಿನ್ ದ್ವೀಪ ತೆರೆಯುವುದು ಅಲ್ಲಿನ ಪದ್ಧತಿ. ಇದೂ ಗೊತ್ತಿಲ್ಲದ ಏಜೆಂಟ್ ಅಂಡಮಾನ್ ಮಾರುತ್ತಿದ್ದರೆ ಅಲ್ಲಿಂದಲೇ ಎದ್ದು ಬನ್ನಿ. ಟಿಕೆಟಿನಲ್ಲಿ ಶ್ರೀ ವಿಜಯಪುರಂ, ಸ್ವರಾಜ್ ದ್ವೀಪ, ಶಹೀದ್ ದ್ವೀಪ ಎಂದಿದ್ದರೆ ಗಾಬರಿ ಬೇಡ, ಪೋರ್ಟ್ ಬ್ಲೇರ್, ಹ್ಯಾವ್ಲಾಕ್, ನೀಲ್‌ಗಳ ಈಗಿನ ಹೆಸರು ಅವು.

ಇನ್ನೊಂದು ಎಡವಟ್ಟು ಬೆಂಗಳೂರಿನಲ್ಲಿ ಆಗುತ್ತದೆ. ಹುಬ್ಬಳ್ಳಿಯಿಂದ ರಾತ್ರಿ ರೈಲು, ಬೆಳಗಿನ ವಿಮಾನ. ಎರಡೂ ಬೇರೆ ಬೇರೆ ಟಿಕೆಟ್, ರೈಲು ತಡವಾದರೆ ವಿಮಾನದವರು ಹೊಣೆಯಲ್ಲ. ಮೆಜೆಸ್ಟಿಕ್‌ನಿಂದ ದೇವನಹಳ್ಳಿಯ ವಿಮಾನ ನಿಲ್ದಾಣ ಸುಮಾರು 35 ಕಿ.ಮೀ. ಹಿಂದಿನ ದಿನವೇ ಬೆಂಗಳೂರು ಸೇರುವುದು ಒಳ್ಳೆಯದು.

ದೂರ ಬೇಡ, ನಮ್ಮ ಕರಾವಳಿಗೇ ಹೋಗೋಣ ಎಂದರೂ ಜೂನ್‌ನಿಂದ ಸೆಪ್ಟೆಂಬರ್ ತನಕ ಇದೇ ಪಾಡು. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿ ಇರುವುದಿಲ್ಲ. ಅಲ್ಲಿ ರಾತ್ರಿ ಉಳಿಯುವ ವ್ಯವಸ್ಥೆ ಯಾವ ಕಾಲದಲ್ಲೂ ಇಲ್ಲ, ಆದ್ದರಿಂದ "ಐಲ್ಯಾಂಡ್ ಸ್ಟೇ" ಎಂದು ಬರೆದಿದ್ದರೆ ಅದು ಮಲ್ಪೆ ದಂಡೆಯ ರೂಮು. ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗಿ ಸಮುದ್ರದಲ್ಲಿ ಮುಳುಗಿ ನೋಡುವ ಸ್ಕೂಬಾ ಅಕ್ಟೋಬರ್‌ನಿಂದ ಮೇವರೆಗೆ ಮಾತ್ರ. ಜೊತೆಗೆ ಯಲ್ಲಾಪುರ ದಾಟಿದ ಮೇಲಿನ ಅರಬೈಲ್ ಘಟ್ಟವನ್ನೂ ಲೆಕ್ಕಕ್ಕೆ ತಗೊಳ್ಳಿ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಗಳು ಹೋದವು, ಕರಾವಳಿಯ ಹೆದ್ದಾರಿ ದಿನಗಟ್ಟಲೆ ಬಂದ್ ಆಗಿತ್ತು. ಮುಂದಿನ ತಿಂಗಳೇ ಕಾರವಾರದ ಕಾಳಿ ನದಿಯ ಹಳೆ ಸೇತುವೆ ಬಿತ್ತು. ಮಳೆಗಾಲದಲ್ಲಿ ದ್ವೀಪಕ್ಕಿಂತ ಮೊದಲು ದಾರಿಯೇ ಕೈಕೊಡಬಹುದು.

ಲಕ್ಷದ್ವೀಪಕ್ಕೆ ಭಾರತೀಯರಿಗೂ ಪ್ರವೇಶ ಪರವಾನಗಿ ಬೇಕು, ಅದಿಲ್ಲದೆ ವಿಮಾನದ ಟಿಕೆಟ್ ಕೊಂಡರೆ ಟಿಕೆಟ್ ಕೈಯಲ್ಲೇ ಉಳಿಯುತ್ತದೆ. ಮಳೆಗಾಲದಲ್ಲಿ ದ್ವೀಪದಿಂದ ದ್ವೀಪಕ್ಕೆ ಓಡುವ ವೇಗದ ದೋಣಿಗಳು ನಿಲ್ಲುತ್ತವೆ. ವಿಮಾನ ಇಳಿಯುವ ಅಗತ್ತಿ ದ್ವೀಪದಲ್ಲೇ ಕೂಡುವುದಾದರೆ ಅದು ನಿಮಗೆ ಬಿಟ್ಟದ್ದು.

ಪಾಸ್‌ಪೋರ್ಟ್ ಇದ್ದವರಿಗೆ ಲೆಕ್ಕವೇ ಬೇರೆ. ದೇಶ ನೋಡಬೇಡಿ, ಯಾವ ದಂಡೆ ಎಂದು ನೋಡಿ. ಶ್ರೀಲಂಕಾದಲ್ಲಿ ಮೇ-ಸೆಪ್ಟೆಂಬರ್ ಮಳೆ ನೈಋತ್ಯ ದಂಡೆಯ ಗಾಲೆ, ಬೆಂಟೋಟ ಕಡೆಗೆ. ಅದೇ ಹೊತ್ತಿನಲ್ಲಿ ಪೂರ್ವದ ತ್ರಿಂಕೋಮಲಿಯ ಸಮುದ್ರ ಶಾಂತ. ಥಾಯ್ಲೆಂಡ್‌ನ ಫುಕೆಟ್, ಕ್ರಾಬಿಗೆ ಮೇಯಿಂದ ಅಕ್ಟೋಬರ್ ಮಳೆ, ಸಿಮಿಲನ್ ದ್ವೀಪಗಳನ್ನಂತೂ ಆಗ ಮುಚ್ಚಿಯೇ ಇಡುತ್ತಾರೆ. ಅದೇ ದೇಶದ ಇನ್ನೊಂದು ಬದಿಯ ಕೊ ಸಮುಯಿಗೆ ಜೋರು ಮಳೆ ಅಕ್ಟೋಬರ್‌ನಿಂದ ಡಿಸೆಂಬರ್. ಬಾಲಿಗೆ ನಮ್ಮ ಮಳೆಗಾಲವೇ ಒಣಗಾಲ, ಹಾಗಾಗಿ ಜುಲೈ-ಆಗಸ್ಟ್‌ನಲ್ಲಿ ಬಾಲಿಯನ್ನು "ಆಫ್ ಸೀಸನ್ ರೇಟ್" ಎಂದು ಯಾರಾದರೂ ಮಾರಿದರೆ ನಂಬಬೇಡಿ, ಅಲ್ಲಿ ಅದು ಜನ ಕಿಕ್ಕಿರಿಯುವ ಸೀಸನ್. ಮಾರಿಷಸ್‌ಗೆ ಜೂನ್-ಸೆಪ್ಟೆಂಬರ್ ಚಳಿಗಾಲ: ಹಿತವಾದ ಹವೆ, ಚಂಡಮಾರುತದ ಭಯ ಇಲ್ಲ. ನಿಜವಾದ ಅರ್ಥದಲ್ಲಿ ಆಫ್ ಸೀಸನ್ ಲಾಭ ಸಿಗುವ ಜಾಗ ಅಂದರೆ ಇಂಥದ್ದು.

ಸಣ್ಣ ಮಕ್ಕಳು, ಮಂಡಿನೋವಿನ ಹಿರಿಯರು ಜೊತೆಗಿದ್ದರೆ ಮಳೆಗಾಲದಲ್ಲಿ ಸೇತುವೆ ಇರುವ ದ್ವೀಪವೇ ಲೇಸು. ಶ್ರೀರಂಗಪಟ್ಟಣ ಕಾವೇರಿಯ ನಡುವಿನ ದ್ವೀಪವೇ ತಾನೆ! ಪಕ್ಕದ ರಂಗನತಿಟ್ಟಿನ ದೋಣಿ ಮಾತ್ರ ಕೆಆರ್‌ಎಸ್‌ನಿಂದ ಹೆಚ್ಚು ನೀರು ಬಿಟ್ಟಾಗ ನಿಲ್ಲುತ್ತದೆ. ಸೇತುವೆ ಇಲ್ಲದಿದ್ದರೂ ಗೋವಾದ ದೀವಾರ್ ದ್ವೀಪವೂ ಚಲೋ. ಹಳೇ ಗೋವಾದಿಂದ ಮಾಂಡವಿ ದಾಟಿಸುವ ಫೆರಿ ಅಲ್ಲಿನ ಜನರ ದಿನದ ಓಡಾಟಕ್ಕೆ ಇರುವುದು, ಕಾರನ್ನೂ ಹತ್ತಿಸಿಕೊಳ್ಳುತ್ತದೆ, ನದಿಯಾದ್ದರಿಂದ ಸಮುದ್ರದ ಅಲೆಯ ಕಾಟ ಇಲ್ಲ.

ಅಜ್ಜಿಯರ ವಿಷಯ ಬಂತು, ದೋಣಿ ಹತ್ತುವ ಜೆಟ್ಟಿಯ ಮಾತೂ ಹೇಳಿಬಿಡಬೇಕು. ಅಲೆ ಇದ್ದಾಗ ಫೆರಿ ಜೆಟ್ಟಿಯ ಪಕ್ಕ ಏರಿ ಇಳಿಯುತ್ತಿರುತ್ತದೆ. ಮಧ್ಯದ ಹಲಗೆ ಒದ್ದೆ, ಒಂದು ಕ್ಷಣ ಮೇಲೆ, ಮರುಕ್ಷಣ ಕೆಳಗೆ. ಫೆರಿ ಮೇಲೆದ್ದು ನಿಂತ ಗಳಿಗೆಯಲ್ಲಿ ಕಾಲಿಡಬೇಕು, ಸೀರೆ ನೆರಿಗೆ ಎತ್ತಿ ಸಿಕ್ಕಿಸಿರಬೇಕು, ಎರಡೂ ಕೈ ಖಾಲಿ ಇರಬೇಕು, ಚೀಲ ಬೇರೆಯವರ ಹತ್ತಿರ. ಕೂಡುವುದು ಕೆಳಗಿನ ಅಂತಸ್ತಿನ ನಡುಭಾಗದಲ್ಲಿ, ಅಲ್ಲಿ ಓಲಾಟ ಕಡಿಮೆ. ವಾಂತಿ ತಡೆಯುವ ಗುಳಿಗೆ ಹತ್ತುವ ಮೊದಲೇ ನುಂಗಬೇಕು, ತಲೆ ಸುತ್ತಲು ಶುರುವಾದ ಮೇಲೆ ಪ್ರಯೋಜನ ಕಡಿಮೆ. ಮಕ್ಕಳ ಪ್ರಮಾಣ ಡಾಕ್ಟರರನ್ನು ಕೇಳಿ. ಆಫ್ ಸೀಸನ್‌ನಲ್ಲಿ ಸಣ್ಣ ದ್ವೀಪಗಳ ಹೋಟೆಲುಗಳು ಎಷ್ಟೋ ಬಾಗಿಲು ಹಾಕಿರುತ್ತವೆ, ಸಸ್ಯಾಹಾರ ಸಿಗುವುದು ಇನ್ನೂ ಕಷ್ಟ. ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಒಯ್ಯಿರಿ, ಆದರೆ ಬಟ್ಟೆಯಲ್ಲಿ ಸುತ್ತಿಕೊಂಡಲ್ಲ. ಆ ಗಾಳಿಗೆ ರೊಟ್ಟಿ ಒಂದೇ ದಿನಕ್ಕೆ ಮೆತ್ತಗಾಗಿ, ಆಮೇಲೆ ಬೂಸು ಹಿಡಿಯುತ್ತದೆ, ಗಾಳಿ ಆಡದ ಡಬ್ಬಿಯೇ ಬೇಕು.

ಹೊರಡುವ ವಾರದಲ್ಲಿ ಫೋನಿನ ಮಳೆ ಚಿತ್ರ ನೋಡುವ ಬದಲು ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಕೊಡುವ ಅಲೆಯ ಎತ್ತರದ ಮುನ್ಸೂಚನೆ ನೋಡಿ. ಎರಡೂವರೆ ಮೀಟರ್ ದಾಟಿದ್ದರೆ ಸಮುದ್ರ ಒರಟಾಗಿದೆ ಎಂದೇ ಅರ್ಥ. ಹವಾಮಾನ ಇಲಾಖೆ ಮೀನುಗಾರರಿಗೆ ಎಚ್ಚರಿಕೆ ಕೊಟ್ಟಿದ್ದರೆ ಪ್ರವಾಸಿ ದೋಣಿಯ ಆಸೆ ಬಿಡಿ.

ಅಡ್ವಾನ್ಸ್ ಕೊಡುವ ಮೊದಲು ಏಜೆಂಟರಿಗೆ ವಾಟ್ಸಾಪ್‌ನಲ್ಲೇ ಬರೆದು ಕೇಳಿ: "ಫೆರಿ ರದ್ದಾದರೆ ಹೆಚ್ಚುವರಿ ರಾತ್ರಿಯ ಬಾಡಿಗೆ ಯಾರದು? ಹೋಗಲಾಗದ ಹೋಟೆಲಿನ ಹಣ ವಾಪಸ್ ಬರುತ್ತದೆಯೇ? ಕೊನೆಯ ರಾತ್ರಿ ಎಲ್ಲಿ?" ಫೋನಿನಲ್ಲಿ "ಏನ್ ಚಿಂತಿ ಮಾಡಬ್ಯಾಡ್ರಿ, ನಾವ್ ಅದೀವಲ್ಲ" ಅಂದರೆ ಅದು ಉತ್ತರವಲ್ಲ. ಫೆರಿ ರದ್ದಾದ ಎಸ್ಸೆಮ್ಮೆಸ್, ಹೋಟೆಲಿನ ರಸೀದಿ, ಈ ಚಾಟ್ ಎಲ್ಲ ಇಟ್ಟುಕೊಳ್ಳಿ. ಮೋಸ ಆಗಿದ್ದರೆ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನೀವು ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಏಜೆಂಟರ ಆಫೀಸು ಬೆಂಗಳೂರಿನಲ್ಲಿದ್ದರೂ ಧಾರವಾಡ, ಗದಗ, ಹಾವೇರಿಯವರು ಅಲ್ಲಿಗೆ ಅಲೆಯಬೇಕಿಲ್ಲ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ದೂರು ದಾಖಲಾಗಿರಬೇಕು.