ಕೊಡಗಿನ ಪತ್ತೇದಾರಿ ಕಾದಂಬರಿಗೆ ವಸ್ತು: ಅರಸರ ಕಾಲವೋ, ಇಂದಿನ ಕಾಫಿ ತೋಟವೋ?

ಮೊದಲ ಪತ್ತೇದಾರಿ ಕಾದಂಬರಿಗೆ ಕೊಡಗನ್ನಾಳಿದ ಹಾಲೇರಿ ಅರಸರ ಕಾಲವನ್ನು ಆರಿಸಿಕೊಳ್ಳಲೇ, ಇಂದಿನ ಕಾಫಿ ತೋಟವನ್ನೇ ಎಂದು ವಿರಾಜಪೇಟೆಯ ಯುವ ಲೇಖಕಿಯೊಬ್ಬರು ಕೇಳಿದ್ದಾರೆ. ಶ್ರಮದ ದೃಷ್ಟಿಯಿಂದ ತೋಟವೇ ಹಗುರ: ಚಳಿಗಾಲದ ಕೊಯ್ಲು, ಕಣದಲ್ಲಿ ಒಣಗುವ ಕಾಫಿ, ರಾತ್ರಿಯ ಕಾವಲು ಎಲ್ಲವೂ ಅವರ ಕಣ್ಣೆದುರಿಗೇ ಇವೆ. ಅರಸರ ಕಾಲಕ್ಕಾದರೆ ದೊಡ್ಡವೀರರಾಜೇಂದ್ರನು ಕಟ್ಟಿಸಿದ ನಾಲ್ಕುನಾಡು ಅರಮನೆಯನ್ನು ನೋಡಿಬಂದರೆ ಸಾಲದು. 1834ರಲ್ಲಿ ಬ್ರಿಟಿಷರು ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿದ ಸಂದರ್ಭದ ಬರಹಗಳನ್ನು, ಅವುಗಳಲ್ಲಿ ಹಲವು ಗೆದ್ದವರ ಲೇಖನಿಯಿಂದ ಬಂದವೆಂಬ ಎಚ್ಚರದಿಂದ, ತಿಂಗಳುಗಟ್ಟಲೆ ಓದಬೇಕು.

ಕುತೂಹಲದ ಪ್ರಶ್ನೆ ಇನ್ನೂ ಸೂಕ್ಷ್ಮವಾದುದು. ಚರಿತ್ರೆಯ ಅಂತ್ಯ ಓದುಗರಿಗೆ ಗೊತ್ತಿರುವುದರಿಂದ, ರಹಸ್ಯವನ್ನು ಅರಸನಲ್ಲಿ ಇಡದೆ, ದಾಖಲೆಗೆ ಸಿಗದ ಸೇವಕನಲ್ಲಿಯೋ ಓಲೆಕಾರನಲ್ಲಿಯೋ ಇಡಬೇಕು. ತೋಟದ ಕಥೆಗೆ ಬೇರೊಂದು ಅನುಕೂಲವಿದೆ: ಕೊಡವರಿಗೂ ಜಮ್ಮಾ (ಕೊಡಗಿನ ಹಳೆಯ ವಂಶಪಾರಂಪರ್ಯ ಭೂಹಕ್ಕು) ಹಿಡುವಳಿದಾರರಿಗೂ ಕೋವಿಯ ಪರವಾನಗಿಯಿಂದ ವಿನಾಯಿತಿ ಇರುವ ಕಾರಣ, ಮನೆಯಲ್ಲಿ ಕೋವಿ ಇರುವುದಷ್ಟೇ ಸಂದೇಹಕ್ಕೆ ಆಧಾರವಾಗದು, ಪತ್ತೇದಾರನು ಬೇರೆ ಸುಳಿವನ್ನೇ ಹುಡುಕಬೇಕಾಗುತ್ತದೆ. ಈ ತೊಡಕು ನನಗೆ ಬಹಳ ಪ್ರಿಯ. ಆದರೆ ಚಿಕ್ಕ ಊರಿನಲ್ಲಿ ನೆರೆಯವರು ಪಾತ್ರಗಳಲ್ಲಿ ತಮ್ಮನ್ನೇ ಕಂಡು ನೊಂದುಕೊಳ್ಳಬಹುದು.

ಉದ್ಯೋಗದ ನಡುವೆ ದಿನಕ್ಕೊಂದು ಗಂಟೆ ಮಾತ್ರ ಸಿಗುವವರಿಗೆ ತೋಟವೂ, ಮಳೆಗಾಲವಿಡೀ ಓದಿಗೆ ಕೊಡಬಲ್ಲವರಿಗೆ ಅಥವಾ ನೆರೆಯವರ ಮನಸ್ಸು ನೋಯಿಸಲು ಅಂಜುವವರಿಗೆ ಅರಸರ ಕಾಲವೂ ಒಗ್ಗುತ್ತದೆ.