ನಲವತ್ತು ಸಾವಿರದ ಮೊದಲ ಡೆಸ್ಕ್‌ಟಾಪ್: 5600ಜಿ ಚಲೋನೋ, ಐ3 12100 ಚಲೋನೋ?

ಹುಬ್ಬಳ್ಳಿ–ಧಾರವಾಡದ ಕಂಪ್ಯೂಟರ್ ಅಂಗಡಿಯಲ್ಲಿ ನಿಂತು “ನಲವತ್ತು ಸಾವಿರದೊಳಗ ಒಂದು ಸಿಪಿಯು ಕಟ್ಟಬೇಕ್ರಿ, ಮಾನಿಟರ್ ಮನ್ಯಾಗ ಐತಿ” ಎಂದರೆ ಬರುವ ಕೊಟೇಶನ್ ಹೆಚ್ಚುಕಡಿಮೆ ಎರಡೇ ಬಗೆ. (ಇಡೀ ಡಬ್ಬಿಗೆ ಸಿಪಿಯು ಅನ್ನುವುದು ನಮ್ಮ ಕಡೆ ರೂಢಿ, ಇಲ್ಲಿ ಒಳಗಿನ ಚಿಪ್ಪಿಗೆ ಪ್ರೊಸೆಸರ್ ಎಂದೇ ಬರೆದಿದೆ.) ಒಂದು, ಎಎಂಡಿ ರೈಜೆನ್ 5 5600ಜಿ ಜೊತೆಗೆ ಬಿ450 ಇಲ್ಲವೆ ಬಿ550 ಮದರ್‌ಬೋರ್ಡು (ಮುಂದೆ ಬರೀ ಬೋರ್ಡು). ಇನ್ನೊಂದು, ಇಂಟೆಲ್ ಕೋರ್ ಐ3 12100 ಜೊತೆಗೆ ಎಚ್610 ಬೋರ್ಡು. ಎರಡೂ ಡಿಡಿಆರ್4 ರ್‍ಯಾಮ್‌ನಲ್ಲಿ ನಡೆಯುತ್ತವೆ, ಎರಡರಲ್ಲೂ ಗ್ರಾಫಿಕ್ಸ್ ಪ್ರೊಸೆಸರ್ ಒಳಗೇ ಇದೆ, ಬಾಕ್ಸ್ ಪೀಸ್ ಕೊಂಡರೆ ಎರಡಕ್ಕೂ ಕೂಲರ್ ಬರುತ್ತದೆ. ಇಂಟೆಲ್ ಜೋಡಿ ಸಾಮಾನ್ಯವಾಗಿ ತುಸು ಸೋವಿ.

ಎರಡನ್ನೂ ಓಡಿಸಿ ನೋಡಿದರೆ ಟ್ಯಾಲಿ, ನುಡಿ, ಬ್ರೌಸರ್, ಕೋಡಿಂಗ್ ಕಲಿಕೆ ಇಷ್ಟಕ್ಕೆ ಕಣ್ಣಿಗೆ ಕಾಣುವ ಫರಕು ಇಲ್ಲ. ಒಂದೊಂದೇ ಕೋರ್ (ಪ್ರೊಸೆಸರಿನೊಳಗಿನ ಲೆಕ್ಕ ಮಾಡುವ ಘಟಕ) ದುಡಿಯುವ ಕೆಲಸದಲ್ಲಿ ನಾಲ್ಕು ಕೋರಿನ ಐ3 ಒಂದು ಹೆಜ್ಜೆ ಮುಂದೇ ಇರುತ್ತದೆ. ಎಲ್ಲ ಕೋರ್ ಒಟ್ಟಿಗೆ ದುಡಿಯಬೇಕಾದಾಗ, ಅಂದರೆ ದೊಡ್ಡ ಪ್ರಾಜೆಕ್ಟ್ ಕಂಪೈಲ್, ಬ್ಲೆಂಡರ್ ಸಾಫ್ಟ್‌ವೇರಿನಲ್ಲಿ 3ಡಿ ರೆಂಡರ್, ಎರಡು ವರ್ಚುವಲ್ ಮಷೀನ್ ಓಡಿಸುವಾಗ, 5600ಜಿಯ 6 ಕೋರ್, 12 ಥ್ರೆಡ್ ಮುಂದೆ ಐ3ಯ 4 ಕೋರ್, 8 ಥ್ರೆಡ್ ಸೋಲುತ್ತದೆ. ಎಂಜಿನಿಯರಿಂಗ್ ಓದುವವರಿಗೆ ಇದು ಲೆಕ್ಕಕ್ಕೆ ಬರುವ ಮಾತು.

ಆಟದಲ್ಲಿ ಅಂತರ ಇನ್ನೂ ದೊಡ್ಡದು. 5600ಜಿಯ ವೆಗಾ 7 ಗ್ರಾಫಿಕ್ಸ್ ಎದುರು ಐ3ಯ ಯುಎಚ್‌ಡಿ 730 ಬಹಳ ಸಣ್ಣದು. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ವ್ಯಾಲರಂಟ್ ಎರಡರಲ್ಲೂ ಆಡಬಹುದು. ಜಿಟಿಎ 5ರಂಥ ಆಟಕ್ಕೆ ಬಂದರೆ ವೆಗಾ 7 ಕಡಿಮೆ ಸೆಟ್ಟಿಂಗ್‌ನಲ್ಲಿ ನಡೆಸಿಕೊಂಡು ಹೋಗುತ್ತದೆ, ಯುಎಚ್‌ಡಿ 730 ಏದುಸಿರು ಬಿಡುತ್ತದೆ.

ವಿಡಿಯೋಗೆ ಬಂದರೆ ತಕ್ಕಡಿ ತಿರುಗುತ್ತದೆ. ಮದುವೆ ಶೂಟಿಂಗ್ ಮಾಡುವವರ ಹೊಸ ಮಿರರ್‌ಲೆಸ್ ಕ್ಯಾಮೆರಾಗಳು ಎಚ್.265, 10 ಬಿಟ್, 4:2:2 ಫೈಲು (ಒತ್ತಿ ಸಣ್ಣ ಮಾಡಿದ, ಬಣ್ಣದ ವಿವರ ಹೆಚ್ಚಿರುವ ವಿಡಿಯೋ) ಕೊಡುತ್ತವೆ. ಈ ಫೈಲನ್ನು ಬಿಚ್ಚುವ ಯಂತ್ರಾಂಶ ಯುಎಚ್‌ಡಿ 730ರಲ್ಲಿದೆ, ವೆಗಾದಲ್ಲಿ ಇಲ್ಲ. ಹಾಗಾಗಿ ಎಡಿಟಿಂಗ್ ಸಾಫ್ಟ್‌ವೇರ್ ಪ್ರೀಮಿಯರ್‌ನ ಟೈಮ್‌ಲೈನಿನಲ್ಲಿ ಐ3 ಸಲೀಸಾಗಿ ಓಡಿದರೆ, ಎರಡು ಕೋರ್ ಹೆಚ್ಚಿಗೆ ಇರುವ 5600ಜಿ ತಡವರಿಸುತ್ತದೆ. ಯೂಟ್ಯೂಬಿನ ಎವಿ1 ವಿಡಿಯೋ ಕಥೆಯೂ ಇದೇ: ಇಂಟೆಲ್‌ನಲ್ಲಿ ಗ್ರಾಫಿಕ್ಸ್ ಹೊರುತ್ತದೆ, 5600ಜಿಯಲ್ಲಿ ಪ್ರೊಸೆಸರೇ ಹೊರಬೇಕು. ಎಡಿಟಿಂಗ್‌ಗೆ ಕೋರ್ ಎಣಿಸಿ ಕೊಳ್ಳುವವರು ಇಲ್ಲೇ ಎಡವುವುದು.

ಮುಂದೆ ಗ್ರಾಫಿಕ್ಸ್ ಕಾರ್ಡ್ ಹಾಕುವ ಆಸೆ ಇದ್ದರೆ ಒಂದು ಮಾತು. 5600ಜಿ ಪಿಸಿಐಇ (ಪ್ರೊಸೆಸರಿಗೂ ಕಾರ್ಡಿಗೂ ನಡುವಿನ ಡೇಟಾ ರಸ್ತೆ) 3.0ಕ್ಕೇ ನಿಲ್ಲುತ್ತದೆ, ಬಿ550 ಬೋರ್ಡು ಕೊಂಡರೂ ಆ ಪ್ರೊಸೆಸರ್ ಇರುವತನಕ 4.0 ಸಿಗದು. ಅದರ ಎಲ್3 ಕ್ಯಾಶ್ (ಪ್ರೊಸೆಸರಿನೊಳಗಿನ ವೇಗದ ಸಣ್ಣ ಮೆಮೊರಿ) ಕೂಡ 16 ಎಂಬಿ, ಜಿ ಇಲ್ಲದ 5600ಕ್ಕೆ 32 ಎಂಬಿ. ಆರ್‌ಎಕ್ಸ್ 6500 ಎಕ್ಸ್‌ಟಿಯಂತೆ ನಾಲ್ಕೇ ಲೇನ್ ಬಳಸುವ ಸಣ್ಣ ಕಾರ್ಡುಗಳು 3.0ದಲ್ಲಿ ಎದ್ದು ಕಾಣುವಷ್ಟು ಕುಂಟುತ್ತವೆ. ಎಚ್610ರ ಕಾರ್ಡ್ ಸ್ಲಾಟ್ 4.0 ಇರುವುದರಿಂದ ಐ3ಗೆ ಈ ತೊಂದರೆ ಇಲ್ಲ. ಕಾರ್ಡನ್ನು ಈಗಲೇ ಕೊಳ್ಳುವುದಾದರೆ ಇವೆರಡನ್ನೂ ಬಿಟ್ಟು ಜಿ ಇಲ್ಲದ 5600 ಅಥವಾ ಐ5 12400ಎಫ್ ನೋಡಬೇಕು. ಹೆಸರಿನ ಕೊನೆಯಲ್ಲಿ ‘ಎಫ್’ ಇದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲ ಎಂದರ್ಥ. ಸೋವಿ ಸಿಕ್ಕಿತೆಂದು 12100ಎಫ್ ತಂದು, ಕಾರ್ಡ್ ಇಲ್ಲದೆ ಜೋಡಿಸಿ, ಪರದೆ ಕಪ್ಪಗೇ ಇದೆ ಎಂದು ಬೋರ್ಡನ್ನು ಬೈಯುವುದು ಮೊದಲ ಸಲ ಕಟ್ಟುವವರ ಮಾಮೂಲು ತಪ್ಪು.

ಬೋರ್ಡಿನಲ್ಲಿ ಮೊದಲು ನೋಡಬೇಕಾದದ್ದು ಹಿಂದಿನ ಪೋರ್ಟು. ಮನೆಯಲ್ಲಿರುವುದು ವಿಜಿಎ ಕೇಬಲ್ಲಿನ ಹಳೆಯ ಮಾನಿಟರ್ ಆದರೆ ಎಚ್610 ಬೋರ್ಡುಗಳಲ್ಲಿ ಅನೇಕಕ್ಕೆ ವಿಜಿಎ ಇದೆ, ಬಿ550ರಲ್ಲಿ ಕೆಲವಕ್ಕೆ ಮಾತ್ರ. ಎಚ್610ರಲ್ಲಿ ಡಿಡಿಆರ್4 ಹಾಗೂ ಡಿಡಿಆರ್5 ಎಂದು ಎರಡು ನಮೂನೆ ಇವೆ, ಹೆಸರು ಹೆಚ್ಚುಕಡಿಮೆ ಒಂದೇ; ಪೆಟ್ಟಿಗೆ ಮೇಲೆ ‘ಡಿ4’ ಇಲ್ಲವೆ ‘ಡಿಡಿಆರ್4’ ಇದೆಯೋ ಓದಿ ನೋಡಬೇಕು, ಒಂದರ ರ್‍ಯಾಮ್ ಇನ್ನೊಂದಕ್ಕೆ ಕೂರುವುದೇ ಇಲ್ಲ. ಎಚ್610ಕ್ಕೆ ರ್‍ಯಾಮ್ ಸ್ಲಾಟ್ ಎರಡೇ. ಬಿ550ರಲ್ಲಿ ನಾಲ್ಕು ಇರುವ ಬೋರ್ಡುಗಳೂ ಸಿಗುತ್ತವೆ. ಬಿ450 ಹಳೆಯ ಸ್ಟಾಕ್ ಆದರೆ ಬಯಾಸ್ (ಬೋರ್ಡನ್ನು ಚಾಲೂ ಮಾಡುವ ಒಳಗಿನ ಸಾಫ್ಟ್‌ವೇರ್) ಹಳೆಯದಿದ್ದು 5600ಜಿಯನ್ನು ಗುರುತಿಸದೆ ಇರಬಹುದು. ಪೆಟ್ಟಿಗೆ ಮೇಲೆ ‘ರೈಜೆನ್ 5000 ರೆಡಿ’ ಸ್ಟಿಕ್ಕರ್ ಇರಬೇಕು, ಇಲ್ಲವೆ ಪೆನ್‌ಡ್ರೈವ್‌ನಿಂದಲೇ ಬಯಾಸ್ ಹಾಕುವ ಫ್ಲ್ಯಾಶ್‌ಬ್ಯಾಕ್ ಬಟನ್ ಇರಬೇಕು. ಎರಡೂ ಇಲ್ಲದಿದ್ದರೆ ಅಂಗಡಿಯವರೇ ಬಯಾಸ್ ಅಪ್‌ಡೇಟ್ ಮಾಡಿ ಕೊಡಲಿ.

ರ್‍ಯಾಮ್‌ನಲ್ಲಿ ರೊಕ್ಕ ಉಳಿಸಲು ಈಗ ಎಲ್ಲರಿಗೂ ಮನಸ್ಸಾಗುತ್ತದೆ. 2025ರ ಕೊನೆಯಿಂದ ಎಐ ಡೇಟಾ ಸೆಂಟರ್‌ಗಳ ಬೇಡಿಕೆಗೆ ಮೆಮೊರಿ ಚಿಪ್ ಭಾಳ ತುಟ್ಟಿಯಾಗಿದೆ. “ಈಗ 8 ಜಿಬಿ ಒಂದು ಹಾಕ್ರಿ, ಮುಂದ ನೋಡೂಣು” ಎಂಬ ಸಲಹೆ ಐ3ಗೆ ನಡೆದೀತು, 5600ಜಿಗೆ ನಡೆಯದು. ವೆಗಾ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ, ಅದು ದುಡಿಯುವುದು ಇದೇ ರ್‍ಯಾಮ್‌ನಲ್ಲಿ. ಡಿಡಿಆರ್4-3200ರ ಒಂದು ಸ್ಟಿಕ್ ಸೆಕೆಂಡಿಗೆ 25.6 ಜಿಬಿ ಸಾಗಿಸಿದರೆ ಎರಡು ಸ್ಟಿಕ್ ಸೇರಿ 51.2 ಜಿಬಿ. ಒಂದೇ ಸ್ಟಿಕ್ಕಿನ 5600ಜಿ ಎಂದರೆ ಅರ್ಧ ರಸ್ತೆ ಮುಚ್ಚಿದ ಬೈಪಾಸ್. ಮೇಲಾಗಿ 8 ಜಿಬಿಯಲ್ಲಿ ಗ್ರಾಫಿಕ್ಸ್ ತನ್ನ ಪಾಲು ಕಾದಿರಿಸಿಕೊಂಡರೆ ವಿಂಡೋಸ್ 11ಕ್ಕೆ ಉಸಿರುಗಟ್ಟುತ್ತದೆ. ಆದ್ದರಿಂದ 5600ಜಿಗೆ 8+8 ಕಡ್ಡಾಯ. ಐ3 ಆಫೀಸ್ ಕೆಲಸಕ್ಕಾದರೆ 16ರ ಒಂದೇ ಸ್ಟಿಕ್ ಹಾಕಿ ಇನ್ನೊಂದು ಸ್ಲಾಟ್ ಖಾಲಿ ಬಿಡುವುದು ಜಾಣತನ.

ನಾಲ್ಕು ಸ್ಲಾಟ್ ಇರುವ ಬೋರ್ಡಿನಲ್ಲಿ ಎರಡು ಸ್ಟಿಕ್ ಅಕ್ಕಪಕ್ಕ ಹಾಕಬಾರದು; ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯದು ಮತ್ತು ನಾಲ್ಕನೆಯದು. ಚಾಲೂ ಆದ ಮೇಲೆ ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪುಟದಲ್ಲಿ ವೇಗ ನೋಡಿ. 3200 ಇರಬೇಕಾದದ್ದು 2133 ಅಥವಾ 2666 ತೋರಿಸಿದರೆ ಬಯಾಸ್‌ಗೆ ಹೋಗಿ ಎಕ್ಸ್‌ಎಂಪಿ (ಸ್ಟಿಕ್ಕನ್ನು ಅದರ ಪೂರ್ತಿ ವೇಗಕ್ಕೆ ಏರಿಸುವ ಸೆಟ್ಟಿಂಗ್) ಆನ್ ಮಾಡಬೇಕು. ಎಚ್610ರಲ್ಲಿ 3200ರ ಮೇಲೆ ಹೋಗಲಾಗದು, 3600ರ ಸ್ಟಿಕ್ಕಿಗೆ ಅಲ್ಲಿ ಹೆಚ್ಚಿಗೆ ಕೊಟ್ಟ ರೊಕ್ಕ ನೀರಿಗೆ ಹಾಕಿದಂತೆ.

ಎಸ್‌ಎಸ್‌ಡಿ ವಿಷಯಕ್ಕೆ ಬಹಳ ತಲೆ ಕೆಡಿಸಿಕೊಳ್ಳಬೇಕಿಲ್ಲ. ಸಾಟಾ ಎಸ್‌ಎಸ್‌ಡಿ ಸೆಕೆಂಡಿಗೆ 550 ಎಂಬಿ, ಪಿಸಿಐಇ 3.0 ಎನ್‌ವಿಎಂಇ 3,500 ಎಂಬಿ ಆಸುಪಾಸು. ಆದರೂ ದಿನದ ಕೆಲಸದಲ್ಲಿ ಎರಡನ್ನೂ ಗುರುತಿಸುವುದು ಕಷ್ಟ. ಬೆಲೆ ಹತ್ತಿರವಿದ್ದರೆ 500 ಜಿಬಿಯ ಎನ್‌ವಿಎಂಇ, ಅದರಲ್ಲೂ ಟಿಎಲ್‌ಸಿ (ಹೆಚ್ಚು ಬಾಳುವ ನಮೂನೆಯ) ಚಿಪ್ಪಿನದು. 4.0 ಎಸ್‌ಎಸ್‌ಡಿ ಬೇಡ: 5600ಜಿಯೂ ಎಚ್610ಯೂ ಅದನ್ನು 3.0 ವೇಗದಲ್ಲೇ ಓಡಿಸುತ್ತವೆ.

ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆ ಕರೆಂಟ್ ಹಂಚುವ ಡಬ್ಬಿ) ಮಾತ್ರ ನಿಧಾನಕ್ಕೆ ಕೂತು ನೋಡುವ ಭಾಗ. ಅಂಗಡಿಯಲ್ಲಿ ಕ್ಯಾಬಿನೆಟ್ ಜೊತೆ ‘450 ವ್ಯಾಟ್’ ಎಂದು ಪುಕ್ಕಟೆ ಎಂಬಂತೆ ಬರುವುದೊಂದು, ಬೇರೆಯಾಗಿ ಕೊಳ್ಳುವ 80 ಪ್ಲಸ್ ಬ್ರಾಂಜ್ (ಕರೆಂಟ್ ಕಡಿಮೆ ಪೋಲು ಮಾಡುತ್ತದೆಂಬ ಪ್ರಮಾಣಪತ್ರದ) 450 ವ್ಯಾಟ್ ಒಂದು. ಎರಡರ ಪಕ್ಕದ ಚೀಟಿಯನ್ನು ಒಟ್ಟಿಗಿಟ್ಟು ಓದಿ. ನೋಡಬೇಕಾದದ್ದು 12 ವೋಲ್ಟ್ ಸಾಲಿನ ಆಂಪಿಯರ್ ಮಾತ್ರ. 12 ವೋಲ್ಟ್‌ಗೆ 16 ಆಂಪಿಯರ್ ಎಂದಿದ್ದರೆ 192 ವ್ಯಾಟ್, ಮೇಲೆ 450 ಎಂದು ಎಷ್ಟು ದಪ್ಪಕ್ಷರದಲ್ಲಿ ಬರೆದರೂ ಅಷ್ಟೇ. 36 ಆಂಪಿಯರ್ ಇದ್ದರೆ 432 ವ್ಯಾಟ್. ತೂಕವೂ ಸುಳ್ಳು ಹೇಳುವುದಿಲ್ಲ. ಹಗುರ ಇದ್ದರೆ ಒಳಗೆ ಫಿಲ್ಟರ್ ಕಾಯಿಲ್, ದೊಡ್ಡ ಕೆಪಾಸಿಟರ್ ಉಳಿಸಿದ್ದಾರೆ ಎಂದೇ ಲೆಕ್ಕ. 5600ಜಿ ಹೆಚ್ಚೆಂದರೆ 88 ವ್ಯಾಟ್ ಎಳೆಯುತ್ತದೆ, 12100 ಹೆಚ್ಚೆಂದರೆ 89. ಕಾರ್ಡ್ ಇಲ್ಲದ ಈ ಎರಡೂ ಕಟ್ಟು ಸೋವಿ ಎಸ್‌ಎಂಪಿಎಸ್‌ನಲ್ಲೂ ಚಾಲೂ ಆಗುತ್ತವೆ ನಿಜ. ಭಯ ವ್ಯಾಟ್‌ನದಲ್ಲ. ವೋಲ್ಟೇಜ್ ಏರಿದಾಗ ಸರಿಯಾದ ರಕ್ಷಣೆ ಇಲ್ಲದ ಎಸ್‌ಎಂಪಿಎಸ್ ತಾನು ಹೋಗುವಾಗ ಬೋರ್ಡನ್ನೂ ಎಸ್‌ಎಸ್‌ಡಿಯನ್ನೂ ಜೊತೆಗೆ ಕರೆದುಕೊಂಡು ಹೋಗಬಹುದು. ಐ3 ಬದಲು ಐ5 ಎಂದು ಆಸೆಪಡುವ ಮುಂಚೆ ಆ ರೊಕ್ಕ ಇಲ್ಲಿಗೆ ಬರಲಿ.

ಇನ್ನು ಅರ್ಥಿಂಗ್. ಹಳೆಯ ಮನೆಗಳ ಮೂರು ತೂತಿನ ಸಾಕೆಟ್ಟಿನಲ್ಲಿ ಮೂರನೆಯದಕ್ಕೆ ತಂತಿಯೇ ಇರದಿರುವುದು ಉಂಟು. ಆಗ ಕ್ಯಾಬಿನೆಟ್ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ. ಇದು ಎಸ್‌ಎಂಪಿಎಸ್ ಕೆಟ್ಟದ್ದರಿಂದಲ್ಲ: ಒಳಗಿನ ಫಿಲ್ಟರಿನ ಎರಡು ಸಣ್ಣ ಕೆಪಾಸಿಟರ್‌ಗಳು ಫೇಸ್ ಮತ್ತು ನ್ಯೂಟ್ರಲ್‌ನಿಂದ ಲೋಹದ ಡಬ್ಬಿಗೆ ಜೋಡಿಸಿರುತ್ತವೆ; ಅರ್ಥ್ ಇಲ್ಲದಿದ್ದರೆ ಡಬ್ಬಿಯ ಮೇಲೆ ಸರಬರಾಜಿನ ಅರ್ಧ, ಸುಮಾರು 115 ವೋಲ್ಟ್, ನಿಂತುಬಿಡುತ್ತದೆ. ಎಸ್‌ಎಂಪಿಎಸ್ ಬದಲಾಯಿಸಿದರೂ ಜುಮ್ ಹೋಗದು. ಎಲೆಕ್ಟ್ರಿಷಿಯನ್‌ಗೆ ಹೇಳಿ ಫೇಸ್–ಅರ್ಥ್ ನಡುವೆ 230ರ ಹತ್ತಿರ, ನ್ಯೂಟ್ರಲ್–ಅರ್ಥ್ ನಡುವೆ ಎರಡು–ಮೂರು ವೋಲ್ಟ್‌ಗಿಂತ ಕಡಿಮೆ ಇದೆಯೇ ಎಂದು ಮೀಟರ್ ಹಿಡಿದು ನೋಡಿಸಿ.

ಹೆಸ್ಕಾಂ ಕರೆಂಟ್ ಹೋಗಿ ಬರುವ ಹೊತ್ತಿಗೆ 600 ವಿಎ ಯುಪಿಎಸ್ ಸಾಕು; ಅದು 360 ವ್ಯಾಟ್‌ನದು, ಕೆಲಸ ಉಳಿಸಿ ಬಂದ್ ಮಾಡುವಷ್ಟು ಹೊತ್ತು ಕೊಡುತ್ತದೆ. ಮನೆಯ ಇನ್ವರ್ಟರ್‌ನಲ್ಲೇ ನಡೆಸುವವರು ಅದರ ಹಿಂದಿನ ಸ್ವಿಚ್ಚನ್ನು ಯುಪಿಎಸ್ ಮೋಡ್‌ಗೆ ಇಡಬೇಕು. ಎಸ್‌ಎಂಪಿಎಸ್ ಕರೆಂಟ್ ಇಲ್ಲದೆ ತಡೆಯುವುದು ಸುಮಾರು 16 ಮಿಲಿಸೆಕೆಂಡ್. ಇನ್ವರ್ಟರ್ ಅದಕ್ಕಿಂತ ತಡವಾಗಿ ಬದಲಾದರೆ ಪಿಸಿ ರೀಸ್ಟಾರ್ಟ್ ಆಗುತ್ತದೆ.

ಕ್ಯಾಬಿನೆಟ್‌ನಲ್ಲಿ ಮುಂದೆ ಗಾಜು ಇರುವುದು ಅಂಗಡಿಯಲ್ಲಿ ಚೆಂದ. ಏಪ್ರಿಲ್‌ನಲ್ಲಿ ಹುಬ್ಬಳ್ಳಿಯ ಹೊರಗಿನ ಝಳವೇ 37 ಡಿಗ್ರಿ ದಾಟುವಾಗ ಗಾಜಿನ ಹಿಂದಿನ ಫ್ಯಾನಿಗೆ ಗಾಳಿಯೇ ಸಿಗದು. ಮುಂದೆ ಜಾಳಿಗೆ ಇರುವುದನ್ನೇ ತೆಗೆದುಕೊಳ್ಳಿ, ಆದರೆ ಜಾಳಿಗೆಯ ಹಿಂದೆ ಬಿಚ್ಚಿ ತೊಳೆಯುವ ಫಿಲ್ಟರ್ ಇರಲೇಬೇಕು. ಎರಡು ಫ್ಯಾನ್ ಒಳಕ್ಕೆ, ಒಂದು ಹೊರಕ್ಕೆ ಇಟ್ಟರೆ ಒಳಗಿನ ಒತ್ತಡ ಹೆಚ್ಚಿದ್ದು ಧೂಳು ಸಂದಿಗೊಂದಿಯಿಂದ ನುಗ್ಗದೆ ಫಿಲ್ಟರ್‌ನಲ್ಲೇ ನಿಲ್ಲುತ್ತದೆ. ನವಲಗುಂದ, ಗದಗ ಕಡೆಯ ಎರೆ ಮಣ್ಣಿನ ಧೂಳು ಹಿಟ್ಟಿನಷ್ಟು ನಯ. ಅಲ್ಲಿ ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ಫಿಲ್ಟರ್ ಬಿಚ್ಚಬೇಕು, ಧಾರವಾಡದ ಮಳೆಗಾಲದಲ್ಲಿ ಎರಡು ತಿಂಗಳಿಗೊಮ್ಮೆ ಸಾಕು. ಬ್ಲೋವರ್ ಹೊಡೆಯುವಾಗ ಫ್ಯಾನಿನ ರೆಕ್ಕೆ ಬೆರಳಲ್ಲಿ ಹಿಡಿದಿರಿ.

ಜೋಡಿಸುವಾಗ ಎರಡರ ತೊಂದರೆಯೂ ಬೇರೆ ಬೇರೆ. 5600ಜಿಯಲ್ಲಿ ಪಿನ್ನು ಪ್ರೊಸೆಸರ್ ಕೆಳಗಿವೆ. ಮೂಲೆಯ ಬಂಗಾರದ ತ್ರಿಕೋನ ಸಾಕೆಟ್ಟಿನ ತ್ರಿಕೋನಕ್ಕೆ ಸರಿಹೊಂದಿಸಿ ಇಟ್ಟರೆ ತನ್ನಷ್ಟಕ್ಕೆ ಕೂರುತ್ತದೆ, ಒತ್ತಬಾರದು. ಅದರ ಕೂಲರ್‌ಗೆ ನಾಲ್ಕು ಸ್ಕ್ರೂ. ಬೋರ್ಡಿನ ಮೇಲಿನ ಪ್ಲಾಸ್ಟಿಕ್ ಬ್ರ್ಯಾಕೆಟ್ ಎರಡನ್ನೂ ತೆಗೆಯಬೇಕು. ತೆಗೆದಾಗ ಹಿಂದಿನ ಪ್ಲೇಟ್ ಕಳಚಿ ಬೀಳುತ್ತದೆ, ಕೈಯಲ್ಲಿ ಹಿಡಿದಿರಬೇಕು. ಸ್ಕ್ರೂಗಳನ್ನು ಮೂಲೆಯಿಂದ ಎದುರು ಮೂಲೆಗೆ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಮುಂದೆ ಎಂದಾದರೂ ಬಿಚ್ಚುವಾಗ ನೇರ ಮೇಲಕ್ಕೆ ಎಳೆದರೆ ಥರ್ಮಲ್ ಪೇಸ್ಟ್‌ಗೆ (ನಡುವೆ ಹಚ್ಚಿದ ಶಾಖ ದಾಟಿಸುವ ಲೇಪಕ್ಕೆ) ಅಂಟಿದ ಪ್ರೊಸೆಸರ್ ಲಾಕ್ ಇದ್ದರೂ ಕಿತ್ತು ಬಂದು ಪಿನ್ನು ಬಾಗುತ್ತವೆ. ಹತ್ತು ನಿಮಿಷ ಪಿಸಿ ಓಡಿಸಿ ಬೆಚ್ಚಗೆ ಮಾಡಿ, ಬಂದ್ ಮಾಡಿ ಪ್ಲಗ್ ಕಿತ್ತು, ಕೂಲರನ್ನು ತಿರುಚುತ್ತಾ ಎತ್ತಬೇಕು.

ಐ3ಗೆ ಪಿನ್ನು ಸಾಕೆಟ್ಟಿನಲ್ಲೇ ಇವೆ, ಬೆರಳು ತಾಗಿದರೂ ಬಾಗುತ್ತವೆ. ಸಾಕೆಟ್ಟಿನ ಕಪ್ಪು ಪ್ಲಾಸ್ಟಿಕ್ ಮುಚ್ಚಳ ಎಸೆಯಬೇಡಿ. ವಾರಂಟಿಗೆ ಬೋರ್ಡ್ ಕಳಿಸುವಾಗ ಅದನ್ನು ಕೇಳುತ್ತಾರೆ. ಇದರ ಕೂಲರ್‌ಗೆ ನಾಲ್ಕು ಒತ್ತುವ ಪಿನ್ನು. ಒಂದು ಪಿನ್ ಟಿಕ್ ಎನ್ನದೆ ಉಳಿದರೂ ಕೂಲರ್ ಓರೆಯಾಗಿ ಕೂತು, ಸ್ವಲ್ಪ ಭಾರ ಬಿದ್ದೊಡನೆ ಉಷ್ಣತೆ 100 ಡಿಗ್ರಿ ಮುಟ್ಟಿ ಪ್ರೊಸೆಸರ್ ತಾನೇ ನಿಧಾನವಾಗುತ್ತದೆ. ಬೋರ್ಡನ್ನು ಕ್ಯಾಬಿನೆಟ್‌ಗೆ ಹಾಕುವ ಮೊದಲೇ ಹಿಂದೆ ತಿರುಗಿಸಿ ನಾಲ್ಕೂ ಬಿಳಿ ತುದಿ ಪೂರ್ತಿ ಹೊರಬಂದಿವೆಯೇ ನೋಡಿಕೊಳ್ಳಿ. ಕೂಲರ್ ಕೂರಿಸುವುದರಲ್ಲಿ ಎಎಂಡಿಯ ಸ್ಕ್ರೂ ನಂಬಿಕಸ್ಥ, ಅದರಲ್ಲಿ ಎರಡು ಮಾತಿಲ್ಲ.

ಮೂರನೆಯ ದಾರಿಯಾಗಿ ಮಂದಿ ಕೇಳುವುದು ಕಂಪನಿಗಳು ಬಳಸಿ ಬಿಟ್ಟ ಹಳೆಯ ಐ5 ಡೆಸ್ಕ್‌ಟಾಪ್. ಬರೀ ಟೈಪಿಂಗ್‌ಗಾದರೆ ಅರ್ಧಕ್ಕಿಂತ ಕಡಿಮೆ ರೊಕ್ಕದಲ್ಲಿ ಕೆಲಸವಾಗುತ್ತದೆ, ಆದರೆ ಪ್ರೊಸೆಸರ್ 8ನೇ ತಲೆಮಾರಿನದೋ ಅದಕ್ಕಿಂತ ಹೊಸದೋ ಇರಬೇಕು. 6ನೆಯದಕ್ಕೆ ವಿಂಡೋಸ್ 11ರ ಅಧಿಕೃತ ಬೆಂಬಲವಿಲ್ಲ, ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅಲ್ಲಿ ಉಬುಂಟು ಹಾಕಿಕೊಳ್ಳುವುದು ನೆಟ್ಟಗೆ. ಜೊತೆಗೆ ಅವುಗಳ ಎಸ್‌ಎಂಪಿಎಸ್ ಪ್ಲಗ್ ಮತ್ತು ಬೋರ್ಡಿನ ಅಳತೆ ಬಹಳ ಸಲ ಆ ಕಂಪನಿಯದೇ ನಮೂನೆ, ಮುಂದೆ ಒಂದೊಂದೇ ಭಾಗ ಬದಲಿಸುತ್ತಾ ಹೋಗಲು ಬರುವುದಿಲ್ಲ.

ಕೊಳ್ಳುವಾಗ ಜಿಎಸ್‌ಟಿ ಬಿಲ್ಲಿನಲ್ಲಿ ಪ್ರೊಸೆಸರ್, ಬೋರ್ಡ್, ಎಸ್‌ಎಸ್‌ಡಿ, ಎಸ್‌ಎಂಪಿಎಸ್‌ನ ಸೀರಿಯಲ್ ನಂಬರು ಒಂದೊಂದಾಗಿ ಬರೆಸಿ. ‘ಅಸೆಂಬಲ್ಡ್ ಪಿಸಿ – 1’ ಎಂದು ಒಂದೇ ಸಾಲು ಬರೆದ ಬಿಲ್ಲು ಎರಡು ವರ್ಷದ ಮೇಲೆ ವಾರಂಟಿಗೆ ಹೋದಾಗ ಕೈಕೊಡುತ್ತದೆ. ಅಂಗಡಿಯಲ್ಲೇ ಜೋಡಿಸಿ ಚಿಗರಿ ಬಸ್ಸಿನಲ್ಲಿ ಧಾರವಾಡಕ್ಕೆ ಒಯ್ಯುವವರು ಕ್ಯಾಬಿನೆಟ್ಟನ್ನು ಬೋರ್ಡು ಕೆಳಗೆ ಬರುವಂತೆ ಮಲಗಿಸಿ ತೊಡೆಯ ಮೇಲಿಟ್ಟುಕೊಳ್ಳಿ, ಗಾಜಿನ ಬಾಗಿಲು ಮೇಲಿರಲಿ.