ಮಾಚು ಪಿಚುಗೆಂದು ಕೊಂಡ ಬೂಟು, ಮೂರೂವರೆ ವರ್ಷದ ಮೇಲೆ

ಈ ಬೂಟು ಕೊಂಡಿದ್ದು 2021ರ ನವೆಂಬರ್‌ನಲ್ಲಿ. 2022ರ ಜೂನ್‌ನಲ್ಲಿ ಪೆರುವಿನ ಇಂಕಾ ಹಾದಿಯಲ್ಲಿ ನಾಲ್ಕು ದಿನ ನಡೆದು ಮಾಚು ಪಿಚು ಮುಟ್ಟಿದ್ದು ಇದರಲ್ಲೇ. ಆಮೇಲೆ ಹಿಮಾಲಯದ ಕೇದಾರಕಂಠದ ಹಿಮ, ಕೊಡಗಿನ ಜಡಿಮಳೆ, ಅಲ್ಲಿನ ಇಂಬಳ, ಎಲ್ಲವನ್ನೂ ಕಂಡಿತು. 2025ರ ಜನವರಿಯಲ್ಲಿ ಕುಮಾರ ಪರ್ವತ ಇಳಿಯುವಾಗ ಎಡಗಾಲಿನ ಅಟ್ಟೆ ಕಿತ್ತು ಬಂತು. ಹುಟ್ಟಿನಿಂದ ಕೊನೆಯವರೆಗೆ ನೋಡಿದ್ದೇನಾದ್ದರಿಂದ ಇದರ ಬಗ್ಗೆ ವಿವರವಾಗಿ ಬರೆಯಬಲ್ಲೆ ಅನ್ನಿಸಿತು.

ಕಂಪನಿಯ ಹೆಸರು ಹಾಕುತ್ತಿಲ್ಲ. ನನ್ನ ಪಾದಕ್ಕೆ ಕೂತದ್ದು ನಿಮ್ಮದಕ್ಕೆ ಕೂರಬೇಕೆಂದೇನೂ ಇಲ್ಲ. ಬೂಟಿನ ಜಾತಿ ಹೇಳುತ್ತೇನೆ: ಪಾದದ ಗಂಟು ಮುಚ್ಚುವಷ್ಟು ಎತ್ತರ, ಹೊರಗೆ ನುಬಕ್ ಚರ್ಮ, ಒಳಗೆ ಗೋರ್‌ಟೆಕ್ಸ್ ಎಂಬ ನೀರು ತಡೆಯುವ ಪದರ, ನೆಲಕ್ಕೆ ತಾಗುವಲ್ಲಿ ವಿಬ್ರಮ್ ರಬ್ಬರ್, ಆ ರಬ್ಬರಿಗೂ ಚರ್ಮಕ್ಕೂ ನಡುವೆ ಪಾಲಿಯುರೆಥೇನ್ ಫೋಮ್, ಚಿಕ್ಕದಾಗಿ ಪಿಯು. ಜೋಡಿಯ ತೂಕ 1.1 ಕೆಜಿ. ಕೊಟ್ಟ ದುಡ್ಡು 15,500 ರೂಪಾಯಿ. ನನ್ನ ಆಗಿನ ವಯಸ್ಸು 47, ಬ್ಯಾಂಕಿನಲ್ಲಿ ಕೂತು ಮಾಡುವ ಕೆಲಸ. ಮೈಸೂರಿನ ಅನೇಕರ ಹಾಗೆ ಆಷಾಢ ಶುಕ್ರವಾರ ಚಾಮುಂಡಿ ಬೆಟ್ಟ ಹತ್ತುವುದು ಬಿಟ್ಟರೆ ಚಾರಣದ ಅನುಭವ ಅಷ್ಟಕ್ಕಷ್ಟೇ.

ಅಮೆರಿಕದಲ್ಲಿರುವ ಅಕ್ಕನ ಮಗಳು ಇಂಕಾ ಹಾದಿಯ ಪರವಾನಗಿ ಮಾಡಿಸಿದಳು. ಈ ಹಾದಿಗೆ ದಿನಕ್ಕೆ 500 ಜನರಿಗಷ್ಟೇ ಪ್ರವೇಶ. ಗೈಡು, ಅಡುಗೆಯವರು, ಪೋರ್ಟರುಗಳೂ ಅದರಲ್ಲೇ ಸೇರಿರುವುದರಿಂದ ನಡೆಯಲು ಬರುವವರಿಗೆ ಉಳಿಯುವುದು ಸುಮಾರು 200. ಪರವಾನಗಿ ಪಾಸ್‌ಪೋರ್ಟ್ ನಂಬರಿನ ಮೇಲೆ ಇರುತ್ತದೆ, ಇನ್ನೊಬ್ಬರ ಹೆಸರಿಗೆ ಮಾಡಲು ಬರುವುದಿಲ್ಲ. ಫೆಬ್ರವರಿ ಪೂರ್ತಿ ಹಾದಿ ಮುಚ್ಚಿರುತ್ತದೆ. ಮಳೆಯಿಲ್ಲದ ಜೂನ್ ಬೇಕೆಂದರೆ ಬಹಳ ಮುಂಚೆಯೇ ಬುಕ್ ಮಾಡಬೇಕು. "ಚಿಕ್ಕಮ್ಮ, ದಿನ ಗೊತ್ತಾಯ್ತು, ಇನ್ನು ಕಾಲು ನೋವು, ಉಗುರು ನೋವು ಅಂತ ಮುಂದೂಡೋ ಹಾಗಿಲ್ಲ" ಅಂದಳು. ಅವಳ ಆ ಮಾತು ಕೇಳಿಯೇ ನಾನು ಬೂಟಿನ ವಿಷಯಕ್ಕೆ ಇಷ್ಟು ತಲೆ ಕೆಡಿಸಿಕೊಂಡದ್ದು.

ಮೊದಲು ಕೊಂಡದ್ದು ಈ ಜೋಡಿಯಲ್ಲ. ಬೆಳಿಗ್ಗೆ ಅಂಗಡಿಗೆ ಹೋಗಿ, ತೆಳ್ಳನೆಯ ಕಾಲುಚೀಲದಲ್ಲಿ ಹಾಕಿ ನೋಡಿ, ನಾಲ್ಕು ಹೆಜ್ಜೆ ನಡೆದು ತಂದ ಬೂಟು ಮನೆಯ ಹಾಲ್‌ನಲ್ಲಿ ಹೂವಿನ ಹಾಗಿತ್ತು. ಎರಡನೇ ಭಾನುವಾರ ಬೆಟ್ಟ ಇಳಿದು ಬಂದು ಬಿಚ್ಚಿದರೆ ಎರಡೂ ಹೆಬ್ಬೆರಳ ಉಗುರು ನೀಲಿ. ಮಣ್ಣಾದ ಬೂಟನ್ನು ವಾಪಸ್ ತಗೊಳ್ಳಲ್ಲ ಎಂದರು ಅಂಗಡಿಯವರು. ಅದು ಅವರ ನಿಯಮ, ತಪ್ಪು ನನ್ನದು. ಎರಡನೇ ಸಲ ಸಂಜೆ ಹೋದೆ, ಆ ಹೊತ್ತಿಗೆ ಪಾದ ತುಸು ಊದಿರುತ್ತದೆ. ದಪ್ಪ ಉಣ್ಣೆಯ ಕಾಲುಚೀಲ ಹಾಕಿಕೊಂಡೇ ಹೋದೆ. ಲೇಸು ಕಟ್ಟದೆ ಪಾದವನ್ನು ಪೂರ್ತಿ ಮುಂದಕ್ಕೆ ತಳ್ಳಿ, ಹಿಮ್ಮಡಿಯ ಹಿಂದೆ ಒಂದು ಬೆರಳು ಇಳಿಯುತ್ತದೆಯೇ ನೋಡಿದೆ. ಆ ಅಂಗಡಿಯಲ್ಲಿ ಇಳಿಜಾರಿನ ಒಂದು ಹಲಗೆ ಇಟ್ಟಿದ್ದರು. ಅದರ ಮೇಲೆ ಕೆಳಮುಖವಾಗಿ ನಿಂತು ಕಾಲು ಕುಟ್ಟಿದರೂ ಬೆರಳು ಮುಂದಕ್ಕೆ ತಾಗಲಿಲ್ಲ. ದಿನನಿತ್ಯ 5ನೇ ನಂಬರ್ ಹಾಕುವ ನಾನು 6 ತಂದೆ.

ನನ್ನ ಅಭಿಪ್ರಾಯದಲ್ಲಿ ಈ ಚಾರಣಕ್ಕೆ ಬೂಟನ್ನು ಪರೀಕ್ಷಿಸಬೇಕಾದ್ದು ಇಳಿಜಾರಿನಲ್ಲಿ. ಎಲ್ಲರೂ ಕೇಳುವುದು ವಾರ್ಮಿವಾನ್ಯುಸ್ಕಾ ಕಣಿವೆಯ, ಅಂದರೆ ಶಿಖರಗಳ ನಡುವೆ ಬೆಟ್ಟಸಾಲು ದಾಟುವ ಜಾಗದ, 4,215 ಮೀಟರ್ ಎತ್ತರದ ಬಗ್ಗೆ. ಎರಡನೇ ದಿನ ಸುಮಾರು 3,000 ಮೀಟರಿನಲ್ಲಿರುವ ವೈಯಾಬಾಂಬಾದ ಕಡೆಯಿಂದ ಅಲ್ಲಿಗೆ ಏರಬೇಕು. ಚಾಮುಂಡಿ ಬೆಟ್ಟದ ಮೆಟ್ಟಿಲ ದಾರಿಯನ್ನು 300 ಮೀಟರ್ ಏರು ಅಂತ ಹಿಡಿದರೆ ಒಂದರ ಮೇಲೊಂದು ನಾಲ್ಕು ಚಾಮುಂಡಿ ಬೆಟ್ಟ. ಅದು ಕಷ್ಟ, ಆದರೆ ಉಸಿರಿನ ಕಷ್ಟ. ನಿಂತರೆ ಕಡಿಮೆಯಾಗುತ್ತದೆ. ಅದೇ ಮಧ್ಯಾಹ್ನ ಪಕಾಯ್‌ಮಾಯೊ ಬಿಡಾರಕ್ಕೆ 600 ಮೀಟರ್ ಇಳಿಯಬೇಕು. ಮೂರನೇ ದಿನ ಫುಯುಪಾಟಾಮಾರ್ಕಾದಿಂದ ವಿನ್ಯಾಯ್ ವಾಯ್ನಾಗೆ ಹೆಚ್ಚುಕಡಿಮೆ 1,000 ಮೀಟರ್ ಇಳಿತ, ಬಹುಪಾಲು ಕಲ್ಲಿನ ಮೆಟ್ಟಿಲು. ಅಲ್ಲಿ ನಿಂತರೂ ಮಂಡಿ ನಡುಗುತ್ತಲೇ ಇರುತ್ತದೆ.

ಹಾಗಾಗಿ ಡಿಸೆಂಬರ್‌ನಿಂದ ಪ್ರತಿ ಭಾನುವಾರ ಬೆಳಿಗ್ಗೆ ಐದೂವರೆಗೆ ಚಾಮುಂಡಿ ಬೆಟ್ಟದ ಪಾದ. 1,008 ಮೆಟ್ಟಿಲು. ಮೊದಲ ತಿಂಗಳು ಒಂದು ಸಲ ಹತ್ತಿ ಇಳಿದೆ, ಫೆಬ್ರವರಿಗೆ ಎರಡು ಸಲ, ಏಪ್ರಿಲ್ ಹೊತ್ತಿಗೆ ಬೆನ್ನಿಗೆ ಆರು ಕೆಜಿ ಚೀಲ ಹಾಕಿ ಮೂರು ಸಲ. ಹತ್ತಿ ಸಾಕಾಯಿತೆಂದು ಬಸ್ಸಿನಲ್ಲಿ ಇಳಿದರೆ ಈ ತಾಲೀಮಿನಿಂದ ಪ್ರಯೋಜನವಿಲ್ಲ. ಇಳಿಯುವಾಗ ತೊಡೆಯ ಸ್ನಾಯು ಹಿಗ್ಗುತ್ತಲೇ ಭಾರ ತಡೆಯಬೇಕು, ಮರುದಿನದ ನೋವು ಅಲ್ಲಿಂದಲೇ ಬರುವುದು. ನಾಲ್ಕಾರು ಸಲ ಹಾಗೆ ನೋಯಿಸಿಕೊಂಡ ಸ್ನಾಯು ಆಮೇಲೆ ಅಷ್ಟು ನೋಯುವುದಿಲ್ಲ. ಬೂಟಿಗೂ ಅಲ್ಲೇ ಪಾಠ. ಹರಕೆ ಹೊತ್ತ ಹೆಣ್ಣುಮಕ್ಕಳು ಪ್ರತಿ ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚಿಕೊಂಡು ಹೋಗುತ್ತಾರಲ್ಲ, ಇಬ್ಬನಿ ಬಿದ್ದ ದಿನ ಆ ಕೆಂಪು ಕೆಸರಿನ ಹಾಗಾಗುತ್ತದೆ. ಸವೆದು ನುಣುಪಾದ ಕಲ್ಲಿನ ಅಂಚು, ಮೇಲೆ ಒದ್ದೆ ಕುಂಕುಮ. ಅದನ್ನು ತುಳಿಯಬಾರದೆಂದು ನಾನು ಮೆಟ್ಟಿಲ ಬದಿಯ ಒಂದು ಗೇಣು ಜಾಗದಲ್ಲಿ ಅಡ್ಡಡ್ಡ ಕಾಲಿಟ್ಟು ಇಳಿಯುವುದನ್ನು ಅಭ್ಯಾಸ ಮಾಡಿಕೊಂಡೆ. ಪೆರುವಿನಲ್ಲಿ ನನ್ನನ್ನು ಕಾಪಾಡಿದ್ದು ಆ ಅಡ್ಡ ಹೆಜ್ಜೆ. ಇಂಕಾ ಮೆಟ್ಟಿಲುಗಳಲ್ಲಿ ಕೆಲವು ಎಷ್ಟು ಕಿರಿದೆಂದರೆ ಬೂಟು ನೇರ ಇಟ್ಟರೆ ಅರ್ಧ ಪಾದ ಗಾಳಿಯಲ್ಲಿರುತ್ತದೆ.

ಹೊಸ ಬೂಟು ಪಳಗಲು ನನಗೆ ಆರು ವಾರ ಹಿಡಿಯಿತು. ಲೇಸನ್ನು ಹತ್ತುವಾಗ ಮೇಲಿನ ಕೊಕ್ಕೆಗಳಲ್ಲಿ ಸಡಿಲ ಬಿಟ್ಟು, ಇಳಿಯುವ ಮುಂಚೆ ಕೂತು ಹಿಮ್ಮಡಿಯನ್ನು ಹಿಂದಕ್ಕೆ ಕುಟ್ಟಿ, ಪಾದ ಮಡಿಯುವ ಜಾಗದಲ್ಲಿ ಎರಡು ಸುತ್ತು ಹೆಣೆದು ಬಿಗಿದರೆ ಬೆರಳು ಮುಂದಕ್ಕೆ ಜಾರುವುದಿಲ್ಲ. ಎರಡು ನಿಮಿಷದ ಕೆಲಸ. ನಾಲ್ಕು ದಿನವೂ ತಪ್ಪಿಸಲಿಲ್ಲ, ಒಂದು ಉಗುರೂ ಕಪ್ಪಾಗಲಿಲ್ಲ. ಬೊಬ್ಬೆ ಏಳುವ ಜಾಗ ಯಾವುದೆಂದು ಬೆಟ್ಟದಲ್ಲೇ ಗೊತ್ತಾಗಿತ್ತು, ಎಡ ಹಿಮ್ಮಡಿಯ ಹೊರಬದಿ. ಅಲ್ಲಿಗೆ ಪ್ರತಿದಿನ ಬೆಳಿಗ್ಗೆ, ಉರಿ ಶುರುವಾಗುವ ಮೊದಲೇ, ಮೆಡಿಕಲ್ ಸ್ಟೋರಿನ ಬಟ್ಟೆ ಟೇಪು ಹಚ್ಚುತ್ತಿದ್ದೆ.

ನಮ್ಮ ಬೆಟ್ಟಗಳಲ್ಲಿ ಕಲಿಯಲಾಗದ್ದು ಎತ್ತರದ ಗಾಳಿ. ಮುಳ್ಳಯ್ಯನಗಿರಿಯೇ 1,930 ಮೀಟರ್. ಪೆರುವಿನ ಕುಸ್ಕೊ ನಗರದಲ್ಲಿ ವಿಮಾನ ಇಳಿದರೆ ಅದು 3,400. ನಾವು ಮೊದಲ ಎರಡು ರಾತ್ರಿ ಕೆಳಗಿನ ಒಯಾಂಟಾಯ್ಟಾಂಬೊದಲ್ಲಿ, ಸುಮಾರು 2,800 ಮೀಟರಿನಲ್ಲಿ ಉಳಿದು, ಆಮೇಲೆ ಕುಸ್ಕೊಗೆ ಹೋಗಿ ಮತ್ತೆರಡು ರಾತ್ರಿ ಇದ್ದೆವು. ಹೀಗೆ ಹಂತ ಹಂತವಾಗಿ ಹೋಗುವುದಕ್ಕೆ ಸಮಾನವಾದ ಮಾತ್ರೆ ಇಲ್ಲ. ಎತ್ತರದಲ್ಲಿ ಬರುವ ತಲೆನೋವು, ವಾಕರಿಕೆ ತಡೆಯಲು ಡಾಕ್ಟರು ಡೈಮಾಕ್ಸ್ ಮಾತ್ರೆ ಬರೆದುಕೊಟ್ಟಿದ್ದರು. ಸಲ್ಫಾ ಅಲರ್ಜಿ ಇದೆಯೇ ಎಂದು ಮೊದಲು ಕೇಳಿದ್ದರು, ನೀವೂ ಕೇಳಿಯೇ ತಗೊಳ್ಳಿ. ಮೊದಲ ದಿನ ಕುಸ್ಕೊದ ಕಲ್ಲುಹಾಸಿನ ಬೀದಿಯಲ್ಲಿ ಕಾಲುಬೆರಳುಗಳೆಲ್ಲ ಜುಮುಜುಮು. ಬೂಟು ಬಿಗಿಯಾಯಿತೆಂದು ಹೆದರಿ ಮೂರು ಸಲ ದಾರಿಯಲ್ಲೇ ಕೂತು ಲೇಸು ಸಡಿಲಿಸಿದೆ. ಕೈಬೆರಳಿಗೂ ಶುರುವಾದ ಮೇಲೆ ತಿಳಿಯಿತು, ಅದು ಮಾತ್ರೆಯ ಪರಿಣಾಮ. ಮೊದಲೇ ಯಾರಾದರೂ ಹೇಳಿದ್ದರೆ ಒಂದು ರಾತ್ರಿಯ ನಿದ್ದೆ ಉಳಿಯುತ್ತಿತ್ತು, ಅದಕ್ಕೇ ಇಲ್ಲಿ ಬರೆದೆ.

ಹಾದಿ ಒಟ್ಟು 42 ಕಿಲೋಮೀಟರ್ ಹತ್ತಿರ. ಮೊದಲ ದಿನ ಧೂಳಿನ ಸುಲಭ ದಾರಿ. ಎರಡನೇ ದಿನ ಇಪ್ಪತ್ತು ಹೆಜ್ಜೆಗೊಮ್ಮೆ ನಿಂತು ಕಣಿವೆ ಮುಟ್ಟಿದೆ. ಮೂರನೇ ದಿನ ರುಂಕುರಾಕಾಯ್ ಕಣಿವೆ ದಾಟಿದ ಮೇಲೆ ಇಂಕಾಗಳ ಕಾಲದ ಕಲ್ಲುಹಾಸು ಉದ್ದಕ್ಕೂ ಸಿಗುತ್ತದೆ. ಚಕ್ರದ ಗಾಡಿ ಬಳಸದ ಜನ, ಮನುಷ್ಯರ ಕಾಲಿಗೂ ಲಾಮಾಗಳ ಕಾಲಿಗೂ ಹಾಕಿದ ದಾರಿ ಅದು. ಬಂಡೆ ಕೊರೆದು ಮಾಡಿದ ಮೆಟ್ಟಿಲು, ಬಂಡೆಯೊಳಗೇ ಹಾದುಹೋಗುವ ಸುರಂಗ. ಸಾಯಾಕ್‌ಮಾರ್ಕಾ ಎಂಬ ಪಾಳು ಊರಿನ ಗೋಡೆಗಳ ನಡುವೆ ನಿಂತಾಗ ಕಾಲಿನ ನೋವೆಲ್ಲ ಮರೆತೇ ಹೋಗಿತ್ತು. ಫುಯುಪಾಟಾಮಾರ್ಕಾ ಅಂದರೆ ಮೋಡಗಳ ಮೇಲಿನ ಊರು. ನಾವು ಹೋದಾಗಲೂ ಮೋಡ ನಮ್ಮ ಪಾದದ ಕೆಳಗೇ ಇತ್ತು.

ಅಲ್ಲಿಂದ ಇಳಿತ. ಮಂಜಿಗೆ ಒದ್ದೆಯಾದ ಗ್ರಾನೈಟ್, ಸಂದಿಯಲ್ಲಿ ಹಸಿರು ಪಾಚಿ. ಬೂಟಿನ ರಬ್ಬರ್ ಒದ್ದೆ ಕಲ್ಲಿಗೆ ಚೆನ್ನಾಗಿ ಕಚ್ಚಿತು, ಪಾಚಿಯ ಮೇಲೆ ಮಾತ್ರ ಯಾವ ರಬ್ಬರೂ ನಿಲ್ಲುವುದಿಲ್ಲ, ಎರಡು ಸಲ ಜಾರಿದೆ. 1935ರಲ್ಲಿ ಆಲ್ಪ್ಸ್ ಪರ್ವತದಲ್ಲಿ ಆರು ಗೆಳೆಯರನ್ನು ಕಳೆದುಕೊಂಡ ಇಟಲಿಯ ವಿಟಾಲೆ ಬ್ರಮಾನಿ ಈ ಹಲ್ಲುಹಲ್ಲಿನ ರಬ್ಬರ್ ಅಟ್ಟೆಯನ್ನು ರೂಪಿಸಿದ್ದು. ವಿಬ್ರಮ್ ಅನ್ನುವುದು ಅವರ ಹೆಸರಿನಿಂದಲೇ ಬಂದದ್ದು. ಆ ಮೆಟ್ಟಿಲುಗಳಲ್ಲಿ ಅವರನ್ನು ಕೃತಜ್ಞತೆಯಿಂದ ನೆನೆದೆ. ಚಾರಣದ ಕೋಲು ಎರಡೂ ಕೈಗೆ ಬೇಕೇ ಬೇಕು. ತುದಿಗೆ ರಬ್ಬರ್ ಟೋಪಿ ಇಲ್ಲದ ಕೋಲನ್ನು ಈ ಹಾದಿಯಲ್ಲಿ ಬಿಡುವುದಿಲ್ಲ, ಕಲ್ಲಿಗೆ ಗಾಯವಾಗಬಾರದೆಂದು. ಟೋಪಿ ಕಳಚಿ ಬೀಳುತ್ತದೆ, ಇನ್ನೊಂದು ಜೊತೆ ಜೇಬಿನಲ್ಲಿರಲಿ. ನಾವು ಒಂದೊಂದೇ ಮೆಟ್ಟಿಲು ತಡವರಿಸುತ್ತಿದ್ದಾಗ ಪೋರ್ಟರುಗಳು ಬೆನ್ನ ಮೇಲೆ ಟೆಂಟು, ಗ್ಯಾಸ್ ಸಿಲಿಂಡರ್ ಹೊತ್ತು ಓಡಿಕೊಂಡೇ ಇಳಿಯುತ್ತಿದ್ದರು. ಅವರಲ್ಲಿ ಕೆಲವರ ಕಾಲಲ್ಲಿ ಇದ್ದದ್ದು ಟೈರಿನಿಂದ ಮಾಡಿದ ಚಪ್ಪಲಿ. ದಾರಿ ಬಿಟ್ಟು ಬೆಟ್ಟದ ಬದಿಗೆ ಒತ್ತಿಕೊಂಡು ನಿಲ್ಲಿ, ಪ್ರಪಾತದ ಬದಿಗೆ ಬೇಡ. ಇನಾಮು ಕೊಡಲು ಅಲ್ಲಿನ ದುಡ್ಡು, ಸೋಲ್, ಮೊದಲೇ ಎತ್ತಿಟ್ಟಿರಿ.

ನಾಲ್ಕನೇ ದಿನ ಬೆಳಗಿನ ಜಾವ ಇಂಟಿ ಪುಂಕು, ಅಂದರೆ ಸೂರ್ಯದ್ವಾರಕ್ಕೆ ಸ್ವಲ್ಪ ಮುಂಚೆ ಸುಮಾರು ಐವತ್ತು ಮೆಟ್ಟಿಲು ನೆಟ್ಟಗೆ ಗೋಡೆಯಂತೆ ನಿಂತಿವೆ. ಕೋಲು ಮಡಚಿ ಚೀಲಕ್ಕೆ ಸಿಕ್ಕಿಸಿ ನಾಲ್ಕು ಕಾಲಿನಲ್ಲಿ ಹತ್ತಿದೆ. ಸೂರ್ಯದ್ವಾರದಲ್ಲಿ ನಿಂತಾಗ ಕೆಳಗೆಲ್ಲ ಮಂಜು. ಹತ್ತು ನಿಮಿಷದ ಮೇಲೆ ಒಂದು ಬದಿ ಸರಿದು, ಮಾಚು ಪಿಚುವಿನ ಮೆಟ್ಟಿಲು ಹೊಲಗಳು ಮೊದಲು ಕಂಡವು, ಆಮೇಲೆ ಗೋಡೆಗಳು. ಅಕ್ಕನ ಮಗಳು ನನ್ನ ಕೈ ಹಿಡಿದುಕೊಂಡಿದ್ದಳು. ಇಬ್ಬರೂ ಅತ್ತೆವು.

ಇನ್ನು ಬೂಟಿನ ನಂತರದ ಬದುಕು. ಎರಡನೇ ವರ್ಷದ ಹೊತ್ತಿಗೆ ಬೆರಳು ಮಡಿಯುವ ಜಾಗದಲ್ಲಿ ಒಳಪದರ ಸೋರತೊಡಗಿತು. ಅದಕ್ಕೆ ನನಗೆ ಬೇಸರವಿಲ್ಲ, ಅಲ್ಲಿ ಅದು ಸಾವಿರಾರು ಸಲ ಮಡಿದಿರುತ್ತದೆ. ಕೊಡಗಿನ ಮಳೆಯಲ್ಲಿ ಇನ್ನೊಂದು ವಿಷಯ ಗೊತ್ತಾಯಿತು: ಮೇಲಿನಿಂದ ನೀರು ಒಳಗೆ ಹೋದರೆ ಗೋರ್‌ಟೆಕ್ಸ್ ಬೂಟು ಒಣಗಲು ಎರಡು ದಿನ ಬೇಕು. ಇನ್‌ಸೋಲ್ ತೆಗೆದು, ಹಳೆಯ ಪೇಪರ್ ತುರುಕಿ, ಮೂರು ಗಂಟೆಗೊಮ್ಮೆ ಬದಲಿಸುತ್ತಿದ್ದೆ. ಒಲೆಯ ಹತ್ತಿರ, ಸುಡುಬಿಸಿಲಿನಲ್ಲಿ ಎಂದೂ ಇಡಲಿಲ್ಲ.

ಆದರೆ ದೊಡ್ಡ ತಪ್ಪು ಮಾಡಿದೆ. 2023ರ ಡಿಸೆಂಬರ್‌ನ ಕೇದಾರಕಂಠ ಆದ ಮೇಲೆ ತೊಳೆದು, ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ, ಡಬ್ಬಿಗೆ ಹಾಕಿ ಅಟ್ಟದ ಮೇಲೆ ಜೋಪಾನವಾಗಿ ಇಟ್ಟೆ. ಮಂಡಿ ನೋವೆಂದು ಒಂದು ವರ್ಷ ಮುಟ್ಟಲೇ ಇಲ್ಲ. ಕುಮಾರ ಪರ್ವತಕ್ಕೆಂದು ತೆಗೆದಾಗ ನೋಡಲು ಹೊಸದರಂತಿತ್ತು. ಇಳಿಯುವಾಗ ಎಡಗಾಲು ಲಟಪಟ ಅನ್ನತೊಡಗಿತು. ಕೂತು ನೋಡಿದರೆ ಹಿಮ್ಮಡಿಯ ಕಡೆಯಿಂದ ಅಟ್ಟೆ ಬಾಯಿ ಬಿಟ್ಟಿದೆ, ನಡುವಿನ ಪಿಯು ಬೆರಳಲ್ಲಿ ಉಜ್ಜಿದರೆ ಹಳೆಯ ರಸ್ಕಿನ ಹಾಗೆ ಪುಡಿ ಉದುರುತ್ತಿದೆ. ದಾರಿಯಲ್ಲಿ ಸಿಕ್ಕ ಹುಡುಗರು ಕೊಟ್ಟ ಪ್ಲಾಸ್ಟಿಕ್ ಪಟ್ಟಿಗಳಲ್ಲಿ ಬಿಗಿದು ಕುಕ್ಕೆಗೆ ಇಳಿದೆ. ಇದೇ ವಾರ್ಮಿವಾನ್ಯುಸ್ಕಾದ ಆಚೆ ಆಗಿದ್ದರೆ ಏನು ಗತಿ ಎಂದು ಎದೆ ನಡುಗಿತು. ಗಾಳಿಯ ತೇವ ಪಿಯುವನ್ನು ಒಳಗಿನಿಂದಲೇ ಒಡೆಯುತ್ತದೆ, ತೊಟ್ಟು ನಡೆಯದೆ ತೇವದ ಜಾಗದಲ್ಲಿ ಕಟ್ಟಿಟ್ಟರೆ ಇನ್ನೂ ಬೇಗ. ಇದು ಬೂಟು ಮಾಡುವವರಿಗೆಲ್ಲ ಗೊತ್ತಿರುವ ಸಂಗತಿ. ಡಬ್ಬಿಯ ಮೇಲೆ ಒಂದು ಸಾಲು ಬರೆಯಬಹುದಿತ್ತು. ಸರ್ವಿಸ್ ಸೆಂಟರಿನವರು ವಾರಂಟಿ ಮುಗಿದಿದೆ ಎಂದು ಎರಡು ಸಾಲಿನ ಮೇಲ್ ಕಳಿಸಿ ಕೈ ತೊಳೆದುಕೊಂಡರು. ಈ ಒಂದು ವಿಷಯಕ್ಕೆ ನನಗೆ ಇವತ್ತಿಗೂ ಸಿಟ್ಟಿದೆ.

ನಮ್ಮ ಬಡಾವಣೆಯ ಚಪ್ಪಲಿ ರಿಪೇರಿಯವರು ಅಂಟು ಹಾಕಲು ಒಪ್ಪಲಿಲ್ಲ. "ಅಂಟು ಹಿಡಿಯೋಕೆ ಗಟ್ಟಿ ಏನಾದ್ರೂ ಇರ್ಬೇಕಲ್ಲಮ್ಮ, ಇಲ್ಲಿ ಬರೀ ಪುಡಿ" ಅಂದರು. ಪಿಯು ಪೂರ್ತಿ ಕೆರೆದು ತೆಗೆದು, ರಬ್ಬರ್ ಶೀಟು ಕತ್ತರಿಸಿ ಸುತ್ತಲೂ ಹೊಲಿದುಕೊಟ್ಟರು, 600 ರೂಪಾಯಿಗೆ. ಈಗ ಅದು ಬಿರುಸು, ಭಾರ. ಆದರೂ ಭಾನುವಾರದ ಬೆಟ್ಟಕ್ಕೆ ಸಾಕು. ಚರ್ಮ, ಹೊಲಿಗೆ, ಕೊಕ್ಕೆ ಒಂದೂ ಕೆಟ್ಟಿಲ್ಲ.

ಐದಕ್ಕೆ ನಾಲ್ಕು ಕೊಡುತ್ತೇನೆ. ವಾರವಾರ ನಡೆಯುವವರು ಪಿಯು ಇರುವುದನ್ನೇ ತಗೊಳ್ಳಿ, ಭಾರಕ್ಕೆ ಬೇಗ ಚಪ್ಪಟೆಯಾಗುವುದಿಲ್ಲ. ವರ್ಷಕ್ಕೊಂದು ಚಾರಣ ಮಾಡಿ ಎತ್ತಿಡುವವರು ಇವಿಎ ಎಂಬ ಇನ್ನೊಂದು ಬಗೆಯ ಫೋಮ್ ಅಟ್ಟೆಯದನ್ನು ನೋಡಿ, ಬೇಗ ಕುಗ್ಗಿದರೂ ಹೀಗೆ ಪುಡಿಯಾಗುವುದಿಲ್ಲ. ಪೆರುವಿಗೆ ಹಳೆಯ ಬೂಟನ್ನೇ ಒಯ್ಯುವುದಾದರೆ ಹೊರಡುವ ಎರಡು ತಿಂಗಳ ಮುಂಚೆ ಅಟ್ಟೆಯ ಬದಿಯನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿ. ಬಿರುಕಿನ ಗೆರೆ ಕಂಡರೆ ಅಥವಾ ಒತ್ತಿದಲ್ಲಿ ಗುಳಿ ಬಿದ್ದು ಹಾಗೇ ಉಳಿದರೆ ಅದನ್ನು ಮನೆಯಲ್ಲೇ ಬಿಡಿ. ನಾನು ಕಳೆದ ವಾರ ಅದೇ ಜಾತಿಯ ಇನ್ನೊಂದು ಜೋಡಿ ಕೊಂಡೆ, 6ನೇ ನಂಬರ್. ಕವರು, ಡಬ್ಬಿ ಎರಡನ್ನೂ ಅಂಗಡಿಯಲ್ಲೇ ಬಿಟ್ಟು ಬಂದಿದ್ದೇನೆ. ಬೂಟು ಬಾಗಿಲ ಪಕ್ಕ, ಗಾಳಿ ಆಡುವಲ್ಲಿ ಇದೆ.